ನಗುವ ಮನುಷ್ಯನ ಕರೆ

ಫೆಬ್ರವರಿ 3, ಸೋಮವಾರ

ನನ್ನ ಪಕ್ಕದ ಖಾಲಿ ಕುರ್ಚಿಗೆ ಇವತ್ತು ಹೊಸ ಹುಡುಗಿ ಬಂದಳು. ಹುಡುಗಿ ಅನ್ನುವ ವಯಸ್ಸೇನಲ್ಲ, ಮೂವತ್ತು ದಾಟಿರಬೇಕು. ಆದರೆ ಕೆಲಸಕ್ಕೆ ಹೊಸಬಳಾದರೆ ಅಜ್ಜಿಯೂ ಹುಡುಗಿಯೇ. ಮೇಲ್ವಿಚಾರಕರು ಅವಳನ್ನು ಕರೆತಂದು, "ಇವರಿಗೆ ಎಲ್ಲಾ ಕಲಿಸಿ ಮೇಡಂ" ಅಂದವರೇ, ನಾನು ಬಾಯಿ ತೆರೆಯುವ ಮೊದಲು ತಮ್ಮ ಗಾಜಿನ ಗೂಡು ಸೇರಿಕೊಂಡರು. ಮೇಲ್ವಿಚಾರಕರೆಂದರೆ ಎಲ್ಲವನ್ನೂ ಮೇಲೆ ಮೇಲೆ ವಿಚಾರಿಸುವವರು. ಕಲಿಸಿ ಅಂದವರು ಅವರು, ಸಂಜೆ ಹೊತ್ತಿಗೆ ಕಲಸಿಹೋದದ್ದು ನನ್ನ ತಲೆ.

"ನೋಡಮ್ಮಾ, ಲಿಫ್ಟ್ ಒಳಗೆ ಗಂಟೆ ಚಿತ್ರ ಇರೋ ಒಂದು ಗುಂಡಿ ಇರುತ್ತಲ್ಲ, ಅದನ್ನ ಒತ್ತಿದ್ರೆ ಕೇಳೋ ದನಿ ನಾವು. ಲಿಫ್ಟ್ ಮಧ್ಯೆ ನಿಂತುಹೋದ್ರೆ, ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯೋ ತನಕ ಒಳಗಿರೋರ ಜೊತೆ ಮಾತಾಡ್ತಾ ಇರಬೇಕು. ಅಷ್ಟೇ."

"ಅಷ್ಟೇನಾ ಅಕ್ಕಾ?"

"ಅಷ್ಟೇ. ಬಾಯಿಬಡುಕತನಕ್ಕೆ ಸಂಬಳ ಕೊಡೋ ಕಂಪನಿ ಬೇರೆ ಎಲ್ಲೂ ಸಿಗಲ್ಲ ನಿನಗೆ."

ನಗಲಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡುವವಳ ಹಾಗೆ ನನ್ನ ಮಾತನ್ನೇ ತುಟಿಯಲ್ಲಿ ಹೇಳಿಕೊಂಡಳು. ಹಿಂದೆ ಬಟ್ಟೆ ಅಂಗಡಿಯಲ್ಲಿದ್ದಳಂತೆ. ಮಧ್ಯಾಹ್ನದೊಳಗೆ ಎಷ್ಟು ಪ್ರಶ್ನೆ ಕೇಳಿದಳೆಂದರೆ ಅವಳಿಗೆ ಪ್ರಶ್ನೆಪತ್ರಿಕೆ ಅಂತ ಹೆಸರಿಟ್ಟೆ. ನಮ್ಮಲ್ಲಿ ನಾನು ಹೆಸರಿಡದೆ ಯಾರೂ ಕಾಯಂ ಆಗುವುದಿಲ್ಲ. ನಮ್ಮ ಹಿರಿಯ ಮೆಕ್ಯಾನಿಕ್ಕಿಗೆ "ಬಂದೆ" ಅಂತ ಹೆಸರು. ಫೋನಿನಲ್ಲಿ "ಬಂದೆ, ಬಂದೆ" ಅನ್ನುವಾಗ ಅವರು ಇನ್ನೂ ಚಪ್ಪಲಿ ಹುಡುಕುತ್ತಿರುತ್ತಾರೆ.

ಒಳ್ಳೆಯ ಸುದ್ದಿ ಕೊನೆಗೆ. ಎಲ್ಲ ಶಾಖೆಗಳ ಹೊಸಬರಿಗೆ ಕೇಳಿಸಲು ಮಾದರಿ ಕರೆಯೊಂದನ್ನು ಮುಖ್ಯ ಕಚೇರಿ ಕೇಳಿದೆ. ಮೇಲ್ವಿಚಾರಕರು ನನ್ನ ಹಳೆಯ "ನಗುವ ಮನುಷ್ಯ"ನ ಕರೆಯನ್ನು ಕಳಿಸುತ್ತಾರಂತೆ. ಒಪ್ಪಿಗೆಯಾದರೆ ತರಬೇತಿಯ ಹುದ್ದೆ ನನ್ನದು. ನಾಲ್ಕನೇ ಮಹಡಿ, ಕಿಟಕಿ ಪಕ್ಕದ ಮೇಜು. ಲಿಫ್ಟ್ ಕಂಪನಿಯಲ್ಲಿ ಇಷ್ಟು ವರ್ಷ ಸವೆಸಿಯೂ ನೆಲಮಾಳಿಗೆ ಬಿಟ್ಟು ಮೇಲೇರದವಳು ನಾನೊಬ್ಬಳೇ. ಹೊರಗೆ ಬಿಸಿಲೋ ಮೋಡವೋ ಅನ್ನುವುದು ಒಳಗೆ ಸಿಕ್ಕಿಕೊಂಡವರನ್ನು ಕೇಳಿಯೇ ನನಗೆ ಗೊತ್ತಾಗಬೇಕು, ಅವರಿಗೂ ಗೊತ್ತಿರುವುದಿಲ್ಲ.

ಫೆಬ್ರವರಿ 4, ಮಂಗಳವಾರ

ಕರೆಗಿಂತ ಕರೆಕರೆಯೇ ಜಾಸ್ತಿ ಇವತ್ತು. ನಿಯಮಗಳನ್ನು ಹೇಳಿಕೊಟ್ಟೆ. "ಸಿಕ್ಕಿಹಾಕಿಕೊಂಡಿದ್ದೀರಿ" ಅನ್ನಬಾರದು, "ಲಿಫ್ಟ್ ನಿಂತಿದೆ" ಅನ್ನಬೇಕು. "ಇನ್ನೆಷ್ಟು ಹೊತ್ತು?" ಅಂದರೆ ನಿಮಿಷ ಹೇಳಬಾರದು, "ಹೊರಟಿದ್ದಾರೆ" ಅನ್ನಬೇಕು. ಎಲ್ಲಕ್ಕಿಂತ ಮುಖ್ಯ, ಲೈನಿನಲ್ಲಿ ಮೌನ ಇರಬಾರದು. ಸ್ವಲ್ಪ ಹೊತ್ತು ಯಾರೂ ಮಾತಾಡದಿದ್ದರೆ ಗಾಜಿನ ಗೂಡಿನಲ್ಲಿ ಕೆಂಪು ದೀಪ ಹತ್ತಿಕೊಳ್ಳುತ್ತದೆ, ಮೇಲ್ವಿಚಾರಕರು ಕತ್ತು ಎತ್ತುತ್ತಾರೆ.

"ಯಾಕಕ್ಕಾ ಸುಮ್ನಿರಬಾರದು?"

"ಸುಮ್ಮನಿದ್ರೆ ಅವರ ಪಾಡಿಗೆ ಅವರು ಯೋಚನೆ ಮಾಡ್ತಾರೆ. ಹಗ್ಗ ಕಿತ್ತುಹೋದ್ರೆ ಅಂತ, ಗಾಳಿ ಮುಗಿದುಹೋದ್ರೆ ಅಂತ. ಯೋಚನೆಗೆ ಜಾಗ ಕೊಡಬಾರದು. ಮಾತು ತುಂಬಬೇಕು."

"ಅವರಿಗೆ ಮಾತು ಬೇಡ ಅನ್ಸಿದ್ರೆ?"

"ಬೇಡ ಅನ್ನೋಕಾದ್ರೂ ಮಾತಾಡಲೇಬೇಕಲ್ಲ, ಆಗ ಹಿಡ್ಕೊಂಡುಬಿಡು!"

ಇದಕ್ಕೂ ನಗಲಿಲ್ಲ. ಬಟ್ಟೆ ಅಂಗಡಿಯಲ್ಲಿ ನಗೆ ಮಾರುತ್ತಿರಲಿಲ್ಲ ಅಂತ ಕಾಣುತ್ತದೆ. ಊಟದ ಹೊತ್ತಿಗೆ ಅದನ್ನೇ ಹೇಳಿದೆ. "ಇಲ್ಲ ಅಕ್ಕಾ, ನನಗೆ ನಗು ಸ್ವಲ್ಪ ತಡ. ಮನೆಗೆ ಹೋದ್ಮೇಲೆ ಬರುತ್ತೆ" ಅಂದಳು. ಹಾಗಾದರೆ ಅವಳ ಮನೆಯವರು ಪುಣ್ಯವಂತರು, ದಿನವೂ ನನ್ನ ಸರಕು ಅಲ್ಲಿ ಇಳಿಯುತ್ತಿದೆ.

ಫೆಬ್ರವರಿ 6, ಗುರುವಾರ

ಪ್ರಶ್ನೆಪತ್ರಿಕೆ ಇವತ್ತು ಮೊದಲ ಕರೆ ತೆಗೆದುಕೊಂಡಳು. ನಾನು ಪಕ್ಕದಲ್ಲಿ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ವಯಸ್ಸಾದ ಹೆಂಗಸು, ಕೈಯಲ್ಲಿ ತರಕಾರಿ ಚೀಲ, ಎರಡು ಮಹಡಿಗಳ ನಡುವೆ ನಿಂತ ಲಿಫ್ಟು. ಇವಳು ಬಾಯಿಪಾಠ ಒಪ್ಪಿಸುವ ದನಿಯಲ್ಲಿ, "ಅಮ್ಮಾ, ನೀವು ಮೇಲೂ ಇಲ್ಲ, ಕೆಳಗೂ ಇಲ್ಲ. ಈಗ ನೀವು ಮಧ್ಯಮವರ್ಗ" ಅಂದುಬಿಟ್ಟಳು.

ಅದು ನನ್ನ ಮಾತು! ನಗುವ ಮನುಷ್ಯನಿಗೆ ಹೇಳಿದ್ದು. ಮೊನ್ನೆ ಬಾಯಿಗೆ ಬಂತು ಅಂತ ಅವಳೆದುರು ಹೇಳಿದ್ದೆ, ಅವಳು ಅದನ್ನು ನಿಯಮ ಅಂದುಕೊಂಡಿದ್ದಾಳೆ.

ಆ ಕಡೆಯಿಂದ ಬಂದ ಉತ್ತರ: "ಏನಂದೆ? ನನ್ನ ವರ್ಗ ಕಟ್ಕೊಂಡು ನಿನಗೇನಾಗಬೇಕೇ? ಬಾಗಿಲು ತೆಗ್ಸೋದು ಬಿಟ್ಟು ಜಾತಕ ಕೇಳ್ತಿದೀಯಾ?"

ನಾನು ಮೇಜಿನ ಮೇಲೆ ಬಿದ್ದು ನಕ್ಕೆ. ಆಮೇಲೆ ಕರೆಯನ್ನು ನಾನೇ ತೆಗೆದುಕೊಂಡು ಅಜ್ಜಿಯನ್ನು ಒಂದು ಹದಕ್ಕೆ ತಂದೆ. ಪ್ರಶ್ನೆಪತ್ರಿಕೆಯ ಕಿವಿ ಕೆಂಪಾಗಿತ್ತು.

"ನೀವು ಹೇಳಿದ ಹಾಗೇ ಹೇಳಿದ್ನಲ್ಲಕ್ಕಾ."

"ಹೇಳಿದ ಹಾಗೆ ಹೇಳೋದಲ್ಲ ಕಣೇ. ಆ ಕಡೆಯೋರು ನಗ್ತಾರಾ ಇಲ್ವಾ ಅಂತ ಕಿವೀಲೇ ಗೊತ್ತಾಗಬೇಕು. ನಾಳೆ ನಗುವ ಮನುಷ್ಯನ್ನ ಕೇಳಿಸ್ತೀನಿ, ಆಗ ಗೊತ್ತಾಗುತ್ತೆ ನಿನಗೆ."

ಇಲ್ಲಿಗೆ ಬಂದ ಹೊಸಬರೆಲ್ಲ ಆ ಕರೆ ಕೇಳಿಯೇ ಮುಂದೆ ಹೋಗುವುದು. ಅದು ನಮ್ಮ ದೀಕ್ಷೆ. ಮೊದಲು ನಾನು ಕಥೆ ಹೇಳುತ್ತೇನೆ. ಕರೆಂಟು ಹೋಗಿ ಲಿಫ್ಟ್ ನಿಂತದ್ದು, ಒಳಗೆ ಒಬ್ಬರೇ ಮನುಷ್ಯ, ಗಡುಸು ದನಿ. ನನ್ನ ಮಧ್ಯಮವರ್ಗದ ಮಾತಿಗೆ ನಗು ಶುರುವಾದದ್ದು ನಿಲ್ಲಲೇ ಇಲ್ಲ. "ಸಾಕು, ಸಾಕು" ಅಂತ ಅವರು ಬೇಡಿಕೊಂಡಷ್ಟೂ ನಾನು ಒಂದರ ಮೇಲೊಂದು ಬಿಟ್ಟದ್ದು. ಕೊನೆಗೆ ಬಾಗಿಲು ತೆಗೆದಾಗ ನಕ್ಕು ನಕ್ಕು ನಿಲ್ಲಲಾರದೆ ಮೆಕ್ಯಾನಿಕ್ ಹೆಗಲು ಹಿಡಿದು ಇಳಿದದ್ದು. ಇಷ್ಟು ಹೇಳಿ ಕರೆ ಹಾಕುತ್ತೇನೆ. ಕೋಣೆಗೆ ಕೋಣೆಯೇ ನಗುತ್ತದೆ. ನಗುವೇ ನನ್ನ ನಗದು, ಬಡ್ಡಿ ಬರುತ್ತಲೇ ಇದೆ.

ಫೆಬ್ರವರಿ 7, ಶುಕ್ರವಾರ

ಇವತ್ತು ಅಕ್ಷರ ನೆಟ್ಟಗಿಲ್ಲ, ಅಷ್ಟೇ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬೆಳಿಗ್ಗೆ ಕಥೆ ಶುರು ಮಾಡಬೇಕು ಅನ್ನುವಾಗ ಕರೆ ಬಂತು. ನಾನು ಅದನ್ನು ಎತ್ತಿಕೊಳ್ಳುತ್ತ, "ನೀನು ಅದನ್ನ ಹಾಕ್ಕೊಂಡು ಕೇಳ್ತಿರು" ಅಂತ ಅವಳಿಗೆ ಕಂಪ್ಯೂಟರಿನಲ್ಲಿ ಬೆರಳು ತೋರಿಸಿದೆ. ಕಥೆ ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಕಥೆ ಹೇಳದೆ ಅದನ್ನು ಯಾರಿಗೂ ಕೇಳಿಸಿರಲಿಲ್ಲ.

ನನ್ನ ಕರೆ ಮುಗಿಸಿ ತಿರುಗಿದರೆ ಅವಳು ಹೆಡ್‌ಫೋನ್ ಕಿತ್ತು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ಇವರು ಬದುಕಿದ್ರಾ?"

ನನಗೆ ಅರ್ಥವಾಗಲಿಲ್ಲ. "ಯಾರು?"

"ಈ ಮನುಷ್ಯ. ಇಷ್ಟು ಅಳ್ತಿದಾರಲ್ಲ. ಉಸಿರೇ ಸಿಗ್ತಿಲ್ಲ ಅವರಿಗೆ. ನೀವು ಯಾಕೆ... ಅವರು ಸಾಕು ಸಾಕು ಅಂತಿದ್ರೂ..."

"ಅಳು ಅಲ್ಲ ಕಣೇ, ಪೆದ್ದೀ. ನಗು!"

ಅವಳು ಹೆಡ್‌ಫೋನನ್ನು ನನ್ನ ಕಡೆ ಚಾಚಿದಳು. ನಾನು ಹಾಕಿಕೊಂಡೆ. ನಗು. ನನಗೆ ಗೊತ್ತಿರುವ ನಗುವೇ. ಮಧ್ಯಮವರ್ಗ ಅಂದೆ, ಅವರು ಹ್ಹ ಹ್ಹ ಹ್ಹ ಅಂದರು. ಅಲ್ಲಿ ಉಸಿರು ಎಳೆದುಕೊಳ್ಳುವ ಒಂದು ಸದ್ದು ಇದೆ, ಯಾವತ್ತೂ ಇತ್ತು. ಆಮೇಲೆ "ಸಾಕು". ಆಮೇಲೆ ನನ್ನ ಗಟ್ಟಿ ದನಿ. ಮತ್ತೆ "ಸಾಕು ತಾಯೀ".

ತಾಯೀ ಅಂದದ್ದು ಇಷ್ಟು ಸಲ ಕೇಳಿದ್ದರೂ ಇವತ್ತೇ ಕೇಳಿಸಿತು.

ಕಿವಿಯೊಳಗೆ ಅದು ಒಮ್ಮೆ ನಗು, ಒಮ್ಮೆ ಅಳು. ಆಮೇಲೆ ನಗು ಬರಲೇ ಇಲ್ಲ.

ಫೆಬ್ರವರಿ 8, ಶನಿವಾರ

ಆ ಕರೆಯ ಪ್ರತಿ ನನ್ನ ಮೊಬೈಲಿನಲ್ಲೇ ಇದೆ. ನೆಂಟರ ಎದುರು ಎಷ್ಟು ಸಲ ಕೇಳಿಸಿಲ್ಲ! ಮನೆಯವರಿಗೆ ಹಾಕಿದೆ. ಪೇಪರಿನಿಂದ ತಲೆ ಎತ್ತದೆ ನಕ್ಕರು. "ನಿನ್ನ ನಗುವ ಗಿರಾಕಿ. ಇನ್ನೂ ಬಿಟ್ಟಿಲ್ವಾ ಅವನನ್ನ?"

"ಸರಿಯಾಗಿ ಕೇಳ್ರೀ. ನಗ್ತಿದಾರಾ?"

"ನೀನೇ ಹೇಳ್ತೀಯಲ್ಲ, ನಗ್ತಿದಾನೆ ಅಂತ."

ಹೌದು. ನಾನೇ ಹೇಳುತ್ತೇನೆ. ಹೇಳಿ ಆಮೇಲೆ ಕೇಳಿಸುತ್ತೇನೆ.

ಮಗಳು ಹಾಸ್ಟೆಲ್ಲಿನಿಂದ ಬಂದಿದ್ದಾಳೆ. ನನ್ನ ಆಫೀಸಿನ ಕಥೆ ಅಂದರೆ ಚಿಕ್ಕಂದಿನಿಂದ ಕೋಣೆ ಬಿಟ್ಟು ಓಡುವವಳು, ಆದ್ದರಿಂದ ಇದನ್ನು ಕೇಳಿರಲಿಲ್ಲ. ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಳು. ಏನೂ ಹೇಳದೆ ಹಾಕಿದೆ. ಲೋಟ ಕೆಳಗಿಟ್ಟಳು.

"ಅಮ್ಮಾ, ಯಾರದು ಅಳ್ತಿರೋದು? ಅಜ್ಜನಿಗೇನಾದ್ರೂ ಆಯ್ತಾ?"

ಅಜ್ಜ ಚೆನ್ನಾಗಿದ್ದಾರೆ ಅಂದೆ. "ಮತ್ತೆ ಹಿಂದೆ ತಮಾಷೆ ಮಾಡ್ತಿರೋ ಹೆಂಗಸು ಯಾರು, ಅಷ್ಟು ಕಟುಕಿ?" ಅಂದಳು. ಮಗಳಿಗೆ ನನ್ನ ದನಿ ಗುರುತು ಸಿಗಲಿಲ್ಲ. ನಾನೂ ಹೇಳಲಿಲ್ಲ.

ಫೆಬ್ರವರಿ 10, ಸೋಮವಾರ

ಆ ದಿನ ಬಾಗಿಲು ತೆಗೆದವರು "ಬಂದೆ". ಬೆಳಿಗ್ಗೆ ಉಪಕರಣಗಳ ಚೀಲ ತುಂಬುತ್ತಿದ್ದರು, ಹೋಗಿ ಹಿಡಿದುಕೊಂಡೆ.

"ನಗುವ ಮನುಷ್ಯನ್ನ ನೀವು ಹೊರಗೆ ತಂದಾಗ ಹೇಗಿದ್ರು?"

"ಮುಖ ಎಲ್ಲಾ ಒದ್ದೆ ಆಗಿತ್ತಮ್ಮಾ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿದೆ ಅಂತ ನೀನೇ ಹೇಳಿದ್ಯಲ್ಲ."

"ನಾನು ಹೇಳಿದ್ದು ಆಮೇಲೆ. ನೋಡಿದಾಗ ನಿಮಗೇನನ್ನಿಸಿತು?"

ಅವರು ಚೀಲದ ಜಿಪ್ಪನ್ನು ಅರ್ಧಕ್ಕೆ ನಿಲ್ಲಿಸಿದರು. "ನನಗಾ? ನಾನೂ ಹೆದರಿಬಿಟ್ಟಿದ್ದೆ ಮೊದಲು. ಅಂಗಿ ಹಿಡ್ಕೊಂಡೋರು ಬಿಡಲೇ ಇಲ್ಲ. ಆಫೀಸಿಗೆ ಬಂದ್ರೆ ನೀವೆಲ್ಲಾ ಹೊಟ್ಟೆ ಹಿಡ್ಕೊಂಡು ನಗ್ತಿದ್ರಿ. ಓ, ಹಾಗಾ, ಅಂದ್ಕೊಂಡೆ. ನಾನೂ ನಕ್ಕೆ." ಜಿಪ್ಪನ್ನು ಪೂರ್ತಿ ಎಳೆಯುತ್ತ, "ಆ ಕಟ್ಟಡದಲ್ಲಿ ಆಮೇಲೂ ಸುಮಾರು ಸಲ ಸಿಕ್ಕಿದ್ರಮ್ಮಾ. ಆರನೇ ಮಹಡಿ ಆಫೀಸು. ಮೆಟ್ಟಿಲು ಹತ್ಕೊಂಡೇ ಹೋಗ್ತಿದ್ರು. ವ್ಯಾಯಾಮ ಅಂದ್ಕೊಂಡಿದ್ದೆ."

ಕಣ್ಣಾರೆ ಕಂಡವರ ಕಣ್ಣಿನೊಳಗೂ ನನ್ನ ಕಥೆ ಹೊಕ್ಕಿದೆ. ಏನು ಹೇಳಲಿ ಇದಕ್ಕೆ!

ನೇರ ಗಾಜಿನ ಗೂಡಿಗೆ ಹೋದೆ. "ಸರ್, ಆ ಕರೆ ಕಳಿಸಬೇಡಿ. ಅವರು ನಗ್ತಿಲ್ಲ, ಅಳ್ತಿದಾರೆ."

ಮೇಲ್ವಿಚಾರಕರು ನಕ್ಕರು. ನನ್ನ ಹೊಸ ಜೋಕಿಗೆ ಕೊನೆ ಇನ್ನೂ ಬಾಕಿ ಇದೆ ಅಂದುಕೊಂಡು ಮುಖ ನೋಡುತ್ತಲೇ ಇದ್ದರು. ಇಲ್ಲವೆಂದು ತಿಳಿದಾಗ ಸಿಡುಕಿದರು. "ಇಷ್ಟು ಜನಕ್ಕೆ ನಗು ಅನ್ಸಿದ್ದು, ಬಂದು ಒಂದು ವಾರ ಆಗಿರೋರಿಗೆ ಅಳು ಅನ್ಸಿಬಿಡ್ತಾ? ಹುದ್ದೆ ಬೇಡ್ವಾ ನಿಮಗೆ?"

"ಬೇಕು ಸರ್."

"ಹಾಗಾದ್ರೆ ಮುಂದಿನ ಸೋಮವಾರದೊಳಗೆ ಇದಕ್ಕಿಂತ ಒಳ್ಳೇದು ಒಂದು ಕರೆ ತನ್ನಿ. ಇಲ್ಲ ಅಂದ್ರೆ ಇದೇ ಹೋಗುತ್ತೆ, ನಿಮ್ಮ ಹೆಸರಲ್ಲೇ."

ಫೆಬ್ರವರಿ 11, ಮಂಗಳವಾರ

ಮೊಬೈಲಿನಿಂದ ಆ ಕರೆ ತೆಗೆದುಹಾಕಲು ಹೋದೆ. "ಅಳಿಸಬೇಕೇ?" ಅಂತ ಕೇಳಿತು.

ಅಳಿಸಿ ವರ್ಷಗಳಾದವು ಮಹರಾಯ.

ಫೆಬ್ರವರಿ 12, ಬುಧವಾರ

ಹಳೆಯ ಕರೆಗಳನ್ನು ಒಂದೊಂದಾಗಿ ಕೇಳುತ್ತಿದ್ದೇನೆ. ಒಳ್ಳೆಯದೊಂದು ಸಿಕ್ಕೇ ಸಿಗುತ್ತದೆ, ನಾನೇನು ರಾಕ್ಷಸಿಯೇ? ಸಿಗುತ್ತವೆ ಕೂಡ. ಶಾಲೆಗೆ ಹೊರಟ ಮಕ್ಕಳ ಗುಂಪು ನಿಜವಾಗಿ ನಕ್ಕಿದೆ. ಒಬ್ಬ ಮದುಮಗ ನಕ್ಕಿದ್ದಾನೆ, ಅಥವಾ ನಕ್ಕಿದ್ದಾನೆ ಅಂತ ಕಾಣುತ್ತದೆ. ಆಮೇಲಿನ ಕರೆಗಳದು ಗೊತ್ತಾಗುತ್ತಿಲ್ಲ. "ಅಯ್ಯೋ ನಿಮ್ಮ" ಅನ್ನುತ್ತಾರೆ, ನಗುತ್ತ ಅಂದದ್ದೋ, ಕೈಮುಗಿದು ಅಂದದ್ದೋ. ಎರಡು ಸಲ ಕೇಳಿದರೆ ಎರಡು ಥರ.

ಎಲ್ಲ ಕರೆಗಳಲ್ಲೂ ಒಂದೇ ದನಿ ಬಿಡುವಿಲ್ಲದೆ ಮಾತಾಡುತ್ತಿದೆ. ಉಸಿರು ಯಾವಾಗ ತೆಗೆದುಕೊಳ್ಳುತ್ತಾಳೋ ಈ ಹೆಂಗಸು.

ಮಧ್ಯಾಹ್ನ ಕರೆ ಬಂತು. "ನಮಸ್ಕಾರ, ಲಿಫ್ಟ್ ನಿಂತಿದೆ ಅಂತ ಗೊತ್ತಾಯ್ತು" ಅಂದೆ. ಮುಂದಿನ ಮಾತು ಬರಲಿಲ್ಲ. ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿರುವ ಮಾತುಗಳು, ಒಂದೂ ಹೊರಗೆ ಬರಲೊಲ್ಲದು. ಗಾಜಿನ ಗೂಡಿನಲ್ಲಿ ಕೆಂಪು ದೀಪ. ಪ್ರಶ್ನೆಪತ್ರಿಕೆ ನನ್ನ ಮುಖ ನೋಡಿ ಹೆಡ್‌ಫೋನ್ ಎಳೆದುಕೊಂಡಳು. "ಸರ್, ಕೂತ್ಕೊಳ್ಳೋಕೆ ಜಾಗ ಇದ್ಯಾ ಅಲ್ಲಿ? ಕೂತ್ಕೊಳ್ಳಿ, ನೆಲ ಕೊಳೆ ಆಗಿದ್ರೂ ಪರವಾಗಿಲ್ಲ, ಪ್ಯಾಂಟು ಒಗೀಬಹುದು" ಅಂದಳು. ಬಟ್ಟೆ ಅಂಗಡಿ ಬುದ್ಧಿ! ಆ ಕಡೆ ಯಾರೋ ಮೆಲ್ಲಗೆ ನಕ್ಕ ಹಾಗಾಯಿತು. ನಕ್ಕರೋ ಇಲ್ಲವೋ, ನನ್ನನ್ನು ಕೇಳಬೇಡಿ.

ಸಂಜೆ ಅವಳು, "ನಾನು ಅವತ್ತು ಬಾಯಿ ಮುಚ್ಕೊಂಡಿದ್ರೆ ಚೆನ್ನಾಗಿತ್ತು ಅಕ್ಕಾ. ನನ್ನಿಂದ ನಿಮ್ಮ ಮೇಲಿನ ಮಹಡಿ ಕೆಲಸ ಹೋಗ್ತಿದೆ ಅಂತಿದಾರೆ" ಅಂದಳು. ಕಣ್ಣು ತುಂಬಿತ್ತು.

ಏನಾದರೂ ತಮಾಷೆ ಮಾಡಿ ನಗಿಸೋಣ ಅಂದುಕೊಂಡೆ. ಆಮೇಲೆ ಬೇಡವೆನಿಸಿತು. ಬಸ್ ನಿಲ್ದಾಣದ ತನಕ ಜೊತೆಗೆ ನಡೆದುಹೋದೆವು, ಅವಳ ಬಸ್ಸು ಬರುವ ತನಕ ನಿಂತಿದ್ದೆ. ನನ್ನದು ತಪ್ಪಿಹೋಯಿತು. ಮನೆಗೆ ತಡವಾಗಿ ಹೋದರೆ ಮನೆಯವರು ಅನ್ನ ಮಾಡಿ, ಹೊತ್ತಿಸಿ, ಕಿಟಕಿ ತೆರೆದಿಟ್ಟು ಕೂತಿದ್ದರು. ಕೆಲಸ ಮಾಡುವ ಅಂಗಡಿಯಲ್ಲಿ ಏನೋ ಕಿರಿಕಿರಿ ನಡೆಯುತ್ತಿದೆಯಂತೆ ಅವರಿಗೆ, ಮಾಲೀಕನ ಮಗ ಬಂದ ಮೇಲಿಂದ. ಒಂದು ತಿಂಗಳಿಂದ. ಎಲ್ಲವನ್ನೂ ಹೇಳಿದರು. ಯಾವತ್ತೂ ಇಷ್ಟು ಮಾತಾಡದ ಮನುಷ್ಯ, ಇವತ್ತೇನಾಯಿತೋ.

ಫೆಬ್ರವರಿ 14, ಶುಕ್ರವಾರ

ಇವತ್ತು ಒಂದು ಕರೆ.

ಹೆಂಗಸಿನ ದನಿ, ಚಿಕ್ಕ ವಯಸ್ಸಿರಬೇಕು. "ಹಲೋ" ಅಂದದ್ದು ಕೇಳಿದರೆ ನೀರಿನೊಳಗಿಂದ ಬಂದ ಹಾಗಿತ್ತು. ನಾನು ಲಿಫ್ಟ್ ನಿಂತಿದೆ ಅಂದೆ, ಹೊರಟಿದ್ದಾರೆ ಅಂದೆ. ಆ ಕಡೆಯಿಂದ ಬರೀ ಉಸಿರು, ಮೇಲೆ ಮೇಲೆ. ನಾಲಿಗೆಗೆ ಬೇಕಾದ್ದೆಲ್ಲ ತಾನಾಗಿ ಬಂತು ಈ ಸಲ, ಮೊನ್ನೆ ಬಾರದ್ದೆಲ್ಲ ಒಟ್ಟಿಗೆ. ಮೇಲೂ ಇಲ್ಲ ಕೆಳಗೂ ಇಲ್ಲ ಅನ್ನುವುದು ತುಟಿಯ ತನಕ ಬಂದಿತ್ತು.

ಬದಲಿಗೆ ಕೇಳಿದೆ. "ಏನು ಮಾಡ್ಲಮ್ಮಾ ನಾನು? ಮಾತಾಡ್ಲಾ, ಸುಮ್ಮನಿರ್ಲಾ?"

ಬಹಳ ಹೊತ್ತಾದ ಮೇಲೆ, "ಸುಮ್ಮನಿರಿ. ಆದ್ರೆ ಇಡಬೇಡಿ."

ಸುಮ್ಮನಿದ್ದೆ.

ಗೂಡಿನಲ್ಲಿ ಕೆಂಪು ದೀಪ ಹತ್ತಿತು. ಮೇಲ್ವಿಚಾರಕರು ಗಾಜಿಗೆ ಬೆರಳಿನಿಂದ ಬಡಿದರು. ಮಾತಾಡಿ ಅಂತ ಕೈಯಲ್ಲಿ ಬಾಯಿ ಮಾಡಿ ತೋರಿಸಿದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಹೊರಗೆ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಪ್ರಶ್ನೆಪತ್ರಿಕೆ ಎದ್ದು ಅವರ ಮತ್ತು ನನ್ನ ನಡುವೆ ಸುಮ್ಮನೆ ನಿಂತುಕೊಂಡಳು, ಬಟ್ಟೆ ಅಂಗಡಿಯಲ್ಲಿ ಗಿರಾಕಿಗೆ ಕಾಯುವವರ ಹಾಗೆ ಕೈ ಕಟ್ಟಿಕೊಂಡು.

ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಅಂತ ಗೊತ್ತಿರಲಿಲ್ಲ. ನಾನು ಹೋಗಿಲ್ಲ ಅಂತ ಅವಳಿಗೆ ತಿಳಿಯಲಿ ಅಂತ ಆಗಾಗ ಸ್ವಲ್ಪ ಜೋರಾಗಿ ಉಸಿರು ಬಿಡುತ್ತಿದ್ದೆ. ಆ ಕಡೆಯಿಂದಲೂ ಒಂದು ಉಸಿರು ಬರುತ್ತಿತ್ತು. ಮೊದಮೊದಲು ನನ್ನದು ಒಂದಾದರೆ ಅವಳದು ಮೂರು ನಾಲ್ಕು. ಆಮೇಲೆ ಎರಡು. ಆಮೇಲೆ ಸಮಸಮಕ್ಕೆ ಬಂದೆವು. ಒಮ್ಮೆ ಅವಳು ಕೆಮ್ಮಿದಳು, ನಾನು ಹೂಂ ಅಂದೆ. ಅಷ್ಟೇ ಮಾತು.

ಕೊನೆಗೆ ಬಾಗಿಲು ಕಿರುಗುಟ್ಟಿತು, "ಬಂದೆ, ಬಂದೆ" ಅನ್ನುವ ದನಿ ಕೇಳಿಸಿತು. ನಿಜವಾಗಿ ಬಂದಿದ್ದರು. ಹೊರಗೆ ಹೋದವಳು ತಿರುಗಿ ಬಂದು ಲಿಫ್ಟಿನ ಒಳಕ್ಕೆ ಬಾಗಿ, "ಇದೀರಾ?" ಅಂದಳು.

"ಇದೀನಿ."

"ಈಗ ಇಡಿ."

ಇಟ್ಟೆ.

ಫೆಬ್ರವರಿ 17, ಸೋಮವಾರ

ಶುಕ್ರವಾರದ ಆ ಕರೆಯನ್ನೇ ಕೊಟ್ಟೆ.

ಮೇಲ್ವಿಚಾರಕರು ಅದನ್ನು ನಮ್ಮ ಕೋಣೆಯ ಸ್ಪೀಕರಿನಲ್ಲಿ ಹಾಕಿದರು, ನಾಲ್ಕು ಜನ ಕೇಳಿ ನಗಲಿ ಅಂತಲೋ ಏನೋ. ಮೊದಲ ನಾಲ್ಕು ಮಾತು ಮುಗಿದವು. ಆಮೇಲೆ ಕಾದರು. ಗಡಿಯಾರ ನೋಡಿದರು. ಸ್ಪೀಕರಿನ ತಂತಿ ಅಲ್ಲಾಡಿಸಿದರು.

"ಇದನ್ನ ಕಳಿಸಿದ್ರೆ ಆ ಹುದ್ದೆ ಮರೆತುಬಿಡಿ ಮೇಡಂ. ಮುಖ್ಯ ಕಚೇರಿಯೋರು ಯಂತ್ರ ಕೆಟ್ಟಿದೆ ಅಂತಾರೆ. ಸುಮ್ನೆ ಹಳೇದನ್ನೇ ಕಳಿಸ್ತೀನಿ, ನೀವು ಮೇಲೆ ಹೋಗಿ ಆರಾಮಾಗಿ ಕಿಟಕಿ ಪಕ್ಕ ಕೂತ್ಕೊಳ್ಳಿ."

"ಹಳೇದನ್ನ ಕಳಿಸಿದ್ರೆ ಅವರು ಅಳ್ತಿದಾರೆ ಅಂತ ನಾನೇ ಮುಖ್ಯ ಕಚೇರಿಗೆ ಬರೀತೀನಿ ಸರ್. ಕಳಿಸೋದಾದ್ರೆ ಇದನ್ನ ಕಳಿಸಿ. ಇಲ್ಲಾಂದ್ರೆ ನಾನು ಇಲ್ಲೇ ಇರ್ತೀನಿ."

"ಇದರಲ್ಲಿ ಏನಿದೆ ಅಂತ ಕಳಿಸಲಿ? ಯಾರೂ ಇಲ್ಲವಲ್ಲ ಇದರಲ್ಲಿ!"

ಪ್ರಶ್ನೆಪತ್ರಿಕೆ ತನ್ನ ಕುರ್ಚಿಯಲ್ಲಿ ಬೆನ್ನು ಹಾಕಿ ಕೂತಿದ್ದಳು. ತಿರುಗದೆಯೇ ಅಂದಳು,

"ಇಬ್ಬರಿದಾರೆ ಸರ್."

ಅವರು ಅವಳ ಬೆನ್ನು ನೋಡಿದರು. ನನ್ನ ಮುಖ ನೋಡಿದರು. ಏನೋ ಗದರಿಸಲಿಕ್ಕೆ ಬಾಯಿ ತೆರೆದವರು ಹಾಗೇ ನಿಂತರು. ಆಮೇಲೆ ಕೈ ಚಾಚಿ ಸ್ಪೀಕರಿನ ಸದ್ದು ಸ್ವಲ್ಪ ಹೆಚ್ಚು ಮಾಡಿದರು.